ಅಗ್ರನಾಮಗಳ ಅನುಮೋದನೆಯೂ ಊರ ಹೆಸರೂ

ಅಂತರಜಾಲದ ವಿಳಾಸದಲ್ಲಿ ಕೊನೆಯ ಚುಕ್ಕೆಯ ಬಳಿಕ ಬರುವ ಪದವನ್ನು ಅಗ್ರನಾಮವೆನ್ನಬಹುದು. ಬರೆವಣಿಗೆಯಲ್ಲಿ ಅದು ಕಡೆಯದಾದರೂ ಅಧಿಕಾರದಲ್ಲಿ ಮೊದಲನೆಯದು. ಹೊಸ ಅಗ್ರನಾಮಗಳನ್ನು ಅನುಮೋದಿಸುವ ಹೊಣೆ 1998ರಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆಯದು. ಅದರ ತತ್ತ್ವಗಳು ಮೇಲ್ನೋಟಕ್ಕೆ ಯಂತ್ರವಿದ್ಯೆಗೆ ಸೇರಿದುವಾಗಿ ತೋರಿದರೂ, ಪರಿಶೀಲಿಸಿದರೆ ಲಿಪಿಶಾಸ್ತ್ರ ಸ್ಥಳನಾಮಶಾಸ್ತ್ರಗಳಿಗೂ ಸಂಬಂಧಿಸಿದುವೆಂದು ವಿದಿತವಾಗುವುದು. ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುದೂರಿನ ಹೆಸರನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸಬಹುದು.

ಮೊದಲನೆಯ ತತ್ತ್ವ ಲಿಪಿಶುದ್ಧಿ. ಕನ್ನಡದ ಅಗ್ರನಾಮದಲ್ಲಿ ಯಾವ ಅಕ್ಷರಗಳು ಯಾವ ಕ್ರಮದಲ್ಲಿ ಬರಬಹುದೆಂಬ ನಿಯಮಾವಳಿ 2019ರಲ್ಲಿ ಸಿದ್ಧವಾಯಿತು. ಅಂಕಿಗಳಿಗೆ ಅದರಲ್ಲಿ ಎಡೆಯಿಲ್ಲ. ವ್ಯಂಜನಗಳು ಒತ್ತಾಗಿ ಕೂಡದಂತೆ ತಡೆಯುವ ಕಾಣದ ಸಂಕೇತಕ್ಕೂ ಎಡೆಯಿಲ್ಲ. ಆದುದರಿಂದ ರಾಜ್‌ಕುಮಾರ್ ಎಂಬ ಹೆಸರಿನ ನಡುವಣ ಅರ್ಧಾಕ್ಷರವನ್ನು ಅಲ್ಲಿ ಬಿಡಿಸಿ ಬರೆಯಲಾಗದು. ಮೂರು ವ್ಯಂಜನ, ಮೂರು ಸ್ವರಚಿಹ್ನೆಗಳಿಂದಾದ ಕುದೂರು ಎಂಬ ಪದಕ್ಕೆ ಈ ತೊಡಕಿಲ್ಲ.

ಎರಡನೆಯದು ಅಸಂದಿಗ್ಧತೆ. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ‘ರಂಗ’ ಎಂಬುದನ್ನು ಎರಡರಲ್ಲಿಯೂ ಬರೆದರೆ ತಲೆಕಟ್ಟಿನ ಹೊರತು ಭೇದ ಕಾಣುವುದು ಕಷ್ಟ. ಇಂಥ ಸಮರೂಪಗಳಲ್ಲಿ ಒಂದನ್ನು ಒಬ್ಬನಿಗಿತ್ತ ಮೇಲೆ ಮತ್ತೊಂದನ್ನು ಬೇರೊಬ್ಬನಿಗೆ ಕೊಡುವಂತಿಲ್ಲ. ಕುದೂರಿನ ದಕಾರ ರಕಾರಗಳು ತೆಲುಗಿಗೆ ಸಮೀಪವಾದರೂ ಕಕಾರವು ಎರಡನ್ನೂ ಬೇರ್ಪಡಿಸುತ್ತದೆ.

ಮೂರನೆಯದು ಹಕ್ಕಿನ ಪ್ರಮಾಣ. ವಿವಾದವಿರುವುದು ಇಲ್ಲಿಯೆ. ಯಾವುದು ದೇಶ, ಯಾವುದು ಅಲ್ಲ ಎಂದು ನಿರ್ಣಯಿಸುವುದು ನಾಮನಿರ್ವಾಹಕರ ಕೆಲಸವಲ್ಲವೆಂದು ಜಾನ್ ಪೋಸ್ಟೆಲ್ 1994ರಲ್ಲಿ ಬರೆದು, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯನ್ನು ಪ್ರಮಾಣವಾಗಿ ಸ್ವೀಕರಿಸಿದರು. 1,930 ಅರ್ಜಿಗಳು ಬಂದ 2012ರ ಸುತ್ತಿನಲ್ಲಿಯೂ ಪಟ್ಟಿಯೇ ಆಧಾರವಾಯಿತು. ಅದರ ಎರಡನೆಯ ಭಾಗದಲ್ಲಿ ಭಾರತದ ರಾಜ್ಯಗಳೂ ಕೇಂದ್ರಾಡಳಿತ ಪ್ರದೇಶಗಳೂ ಇವೆ. ಹೀಗಿರಲು ‘ಕರ್ನಾಟಕ’ ಎಂಬ ಹೆಸರಿಗೆ ಸರಕಾರದ ಸಮ್ಮತಿ ಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿಗಳು ಅದರಲ್ಲಿಲ್ಲ. ದೇಶದ ರಾಜಧಾನಿಯಲ್ಲದ ನಗರದ ಹೆಸರಿಗಾದರೋ, ಅರ್ಜಿದಾರನು ಅದನ್ನು ಆ ನಗರದ ಸಂಬಂಧವಾಗಿಯೇ ಬಳಸುವುದಾದರೆ ಮಾತ್ರ ಸಮ್ಮತಿ ಬೇಕು. ವ್ಯಾಪಾರಮುದ್ರೆಯಾಗಿ ಬಳಸುವವನಿಗೆ ಈ ಕಟ್ಟಿಲ್ಲ.

ಇದರ ಪರಿಣಾಮ ಅಮೆಜಾನ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಬ್ರೆಜಿಲ್, ಪೆರು ದೇಶಗಳು ತಮ್ಮ ನದೀಪ್ರದೇಶದ ಹೆಸರೆಂದು ವರ್ಷಗಟ್ಟಲೆ ವಿರೋಧಿಸಿದರೂ, 2020ರಲ್ಲಿ ಆ ಅಗ್ರನಾಮವು ಅದೇ ಹೆಸರಿನ ವ್ಯಾಪಾರ ಸಂಸ್ಥೆಗೆ ಸಂದಿತು. ಎರಡು ರಾಷ್ಟ್ರಗಳ ವಾದವೇ ಹೀಗಾದರೆ ಒಂದು ಹೋಬಳಿಯ ಗತಿಯೇನು? 2012ರಲ್ಲಿ 1,85,000 ಡಾಲರುಗಳಿದ್ದ ಅರ್ಜಿಶುಲ್ಕ 2026ರ ಸುತ್ತಿಗೆ 2,27,000 ಡಾಲರುಗಳೆಂದು ಗೊತ್ತಾಗಿದೆ. ಊರಿನವರೇ ತಮ್ಮ ಹೆಸರನ್ನು ಕೊಂಡು ಕಾಪಾಡುವರೆಂದು ನಿರೀಕ್ಷಿಸುವುದು ಅಸಂಗತ.

ಆದರೂ ಒಂದು ದಾರಿಯುಂಟು. ಸ್ಪಷ್ಟವಾಗಿ ಗುರುತಿಸಬಹುದಾದ ಸಮುದಾಯದ ಪರವಾಗಿ, ಅದರೊಡನೆ ಸ್ಥಿರ ಸಂಬಂಧವುಳ್ಳ ಸಂಸ್ಥೆ ಆಕ್ಷೇಪಿಸಬಹುದು. ಆ ಸಮುದಾಯ ಎಷ್ಟು ಕಾಲದಿಂದ ಇದೆ, ಆ ಹೆಸರಿನಿಂದ ಲೋಕವು ಅದನ್ನು ಗುರುತಿಸುತ್ತದೆಯೆ ಎಂಬುದಕ್ಕೆ ಅಲ್ಲಿ ಸಾಕ್ಷ್ಯ ಬೇಕು. ಶಾಸನ, ಕಂದಾಯದ ಕಡತ, ಸ್ಥಳನಾಮಕೋಶಗಳೇ ಅಂಥ ಸಾಕ್ಷ್ಯ. ಅಕ್ಷರಗಳನ್ನು ನಿಯಮಾವಳಿ ಕಾಯುತ್ತಿದೆ. ಪಟ್ಟಿಗೆ ಸೇರದ ಊರ ಹೆಸರನ್ನು ಕಾಯಬೇಕಾದುದು ಊರೂರಿನ ದಾಖಲೆಗಳನ್ನು ಸಂಗ್ರಹಿಸುವ ವಿದ್ವಾಂಸರ ಕೆಲಸ.