ಗಾಳಿಗೆ ಎದೆಯೊಡ್ಡುವ ಸರದಿ

ಸೈಕಲ್ ಪಂದ್ಯವೆಂದೊಡನೆ ವಿಜಯಪುರ, ಬಾಗಲಕೋಟೆ ಸೀಮೆಯ ಪಟುಗಳು ನೆನಪಾಗುತ್ತಾರೆ. ಪುಲಿಕೇಶಿನಗರದ ನಮ್ಮ ಭಕ್ತರ ಮನೆಯ ತರುಣನೊಬ್ಬನೂ ಒಂದು ವರ್ಷದಿಂದ ಬೆಳಗಿನ ಜಾವದಲ್ಲೆದ್ದು, ಲಿಂಗಪೂಜೆ ಮುಗಿಸಿ, ಉದ್ಯೋಗಕ್ಕೆ ಮುನ್ನ ಅಭ್ಯಾಸ ನಡೆಸಿದ್ದಾನೆ. ರವಿವಾರ 1,478 ಮೀಟರ್ ಎತ್ತರದ ನಂದಿಬೆಟ್ಟದ ಏರು. ಬಹುಮಾನ ಮಾತ್ರ ಒಂದೂ ಬರಲಿಲ್ಲ. ವರ್ಷವೆಲ್ಲ ವ್ಯರ್ಥವಾಯಿತೇ ಎಂಬುದು ತಾಯಿಯ ಕೊರಗು.

ಪಂದ್ಯದ ಮರ್ಮವನ್ನರಿತರೆ ಉತ್ತರ ದೊರೆಯುವುದು. ವೇಗ ಹೆಚ್ಚಿದಂತೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದರಲ್ಲೇ ವ್ಯಯವಾಗುತ್ತದೆ. ಮುಂದಿನವನ ಬೆನ್ನಿಗಂಟಿ ಸಾಗುವವನಿಗೆ ಸುಮಾರು ಕಾಲುಭಾಗ ಶ್ರಮ ಉಳಿಯುತ್ತದೆ. ಆದುದರಿಂದ ಸವಾರರು ಸರದಿಯಂತೆ ಮುಂದೆ ಬರುತ್ತಾರೆ. ಕೊನೆಯವರೆಗೂ ಹಿಂದೆ ಅಡಗಿದ್ದು ಗೆಲ್ಲುವ ಚತುರರೂ ಉಂಟು. ಈ ತರುಣನು ತನ್ನ ಸರದಿಯನ್ನು ಒಮ್ಮೆಯೂ ತಪ್ಪಿಸಿಕೊಳ್ಳಲಿಲ್ಲ. ನಿತ್ಯದ ಅಭ್ಯಾಸ ಕಾಯಕವಾದರೆ, ಪರರಿಗಾಗಿ ಸವೆಸಿದ ಶಕ್ತಿ ದಾಸೋಹ. ತಾಯಿ, ವರ್ಷ ವ್ಯರ್ಥವಾಗಿಲ್ಲ.