ವಿಂಡೋ ನಿರ್ವಹಣೆಯ ಸಹಾಯಕ ತಂತ್ರಾಂಶಗಳು

ವಿಂಡೋ ನಿರ್ವಹಣೆಯ ಸಹಾಯಕ ತಂತ್ರಾಂಶಗಳು ಗಣಕಯಂತ್ರದ ಪರದೆಯ ಮೇಲೆ ತೆರೆದಿರುವ ವಿಂಡೋಗಳ ಸ್ಥಾನ, ಗಾತ್ರ ಮತ್ತು ಮೇಲುಕೆಳಗಿನ ಕ್ರಮವನ್ನು ಬಳಕೆದಾರರ ಇಚ್ಛೆಗೆ ತಕ್ಕಂತೆ ನಿಯಂತ್ರಿಸುವ ಚಿಕ್ಕ ತಂತ್ರಾಂಶಗಳಾಗಿವೆ. ವಿಂಡೋವನ್ನು ಎಳೆಯುವುದು, ಹಿಗ್ಗಿಸುವುದು, ಕುಗ್ಗಿಸುವುದು, ಮರೆಮಾಡುವುದು ಮೊದಲಾದ ಮೂಲಭೂತ ಸೌಲಭ್ಯಗಳನ್ನು ಕಾರ್ಯಾಚರಣಾ ವ್ಯವಸ್ಥೆಯೇ ಒದಗಿಸುತ್ತದೆ. ಅವು ಸಾಲದೆ ಬಂದಾಗ ಈ ಸಹಾಯಕ ತಂತ್ರಾಂಶಗಳು ನೆರವಿಗೆ ಬರುತ್ತವೆ. ಇವು ಸ್ವಂತ ವಿಂಡೋಗಳನ್ನಲ್ಲದೆ ಇತರ ತಂತ್ರಾಂಶಗಳ ವಿಂಡೋಗಳನ್ನೂ ಚಲಿಸಬೇಕಾಗುವುದರಿಂದ, ಇವುಗಳ ಸಾಮರ್ಥ್ಯವು ಆಯಾ ವ್ಯವಸ್ಥೆಯು ಎಷ್ಟರ ಮಟ್ಟಿಗೆ ಅನುಮತಿ ನೀಡುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಆರಂಭದ ಚಿತ್ರಾತ್ಮಕ ವ್ಯವಸ್ಥೆಗಳಲ್ಲಿ ವಿಂಡೋಗಳನ್ನು ಜೋಡಿಸುವ ಎರಡು ಕ್ರಮಗಳಿದ್ದವು. ನೆಲಕ್ಕೆ ಹಾಸುಗಲ್ಲು ಹಾಕಿದಂತೆ ವಿಂಡೋಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವುದು ಮೊದಲನೆಯದು; ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಇಡುವುದು ಎರಡನೆಯದು. 1985ರಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್ ವಿಂಡೋಸ್ 1.0 ಆವೃತ್ತಿಯು ಮೊದಲನೆಯ ಕ್ರಮವನ್ನು ಅನುಸರಿಸಿತ್ತು. 1987ರ ವಿಂಡೋಸ್ 2.0 ಆವೃತ್ತಿಯಲ್ಲಿ ಒಂದು ವಿಂಡೋ ಇನ್ನೊಂದರ ಮೇಲೆ ಬರಲು ಅವಕಾಶ ದೊರೆಯಿತು. ಮುಂದೆ ಈ ಎರಡನೆಯ ಕ್ರಮವೇ ಹೆಚ್ಚು ಬಳಕೆಗೆ ಬಂದಿತು.

ಈ ಕ್ರಮದಲ್ಲಿ ವಿಂಡೋಗಳ ಸಂಖ್ಯೆ ಹೆಚ್ಚಿದಂತೆ ಕೆಲಸಕ್ಕಿಂತ ಹುಡುಕಾಟಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಅವರು 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಮಸ್ಯೆಯನ್ನು ಗಣಕಯಂತ್ರದ ಸ್ಮೃತಿಯ ಕೊರತೆಗೆ ಹೋಲಿಸಿದರು. ಸ್ಮೃತಿ ಸಾಲದಾದಾಗ ಯಂತ್ರವು ದತ್ತಾಂಶವನ್ನು ಪದೇ ಪದೇ ಒಳಗೆ ತಂದು ಹೊರಗೆ ಹಾಕುವಂತೆ, ಪರದೆ ಸಾಲದಾದಾಗ ಬಳಕೆದಾರನು ವಿಂಡೋಗಳನ್ನು ಪದೇ ಪದೇ ಸರಿಸುತ್ತಿರಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಅವರು ರೂಮ್ಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಒಂದೊಂದು ಕೆಲಸಕ್ಕೆ ಬೇಕಾದ ವಿಂಡೋಗಳು ಒಂದೊಂದು ಕೋಣೆಯಲ್ಲಿರುತ್ತಿದ್ದವು. ಕೆಲಸ ಬದಲಾದಾಗ ಬಳಕೆದಾರನು ಕೋಣೆಯನ್ನು ಬದಲಿಸುತ್ತಿದ್ದನು. ಇಂದಿನ ವರ್ಚುವಲ್ ಡೆಸ್ಕ್‌ಟಾಪ್‌ಗಳ ಹಿಂದಿರುವುದೂ ಇದೇ ಕಲ್ಪನೆ.

ಮುಖ್ಯ ಕಾರ್ಯಗಳು

ಈ ತಂತ್ರಾಂಶಗಳು ಸಾಮಾನ್ಯವಾಗಿ ಕೆಳಗಿನ ಕಾರ್ಯಗಳಲ್ಲಿ ಒಂದನ್ನು ಅಥವಾ ಹಲವನ್ನು ನಿರ್ವಹಿಸುತ್ತವೆ.

• ಪರದೆಯನ್ನು ವಲಯಗಳಾಗಿ ವಿಭಾಗಿಸಿ, ಪ್ರತಿ ವಿಂಡೋವನ್ನು ನಿಗದಿತ ವಲಯದಲ್ಲಿ ಕೂರಿಸುವುದು.
• ಕೀಲಿಮಣೆಯ ಸಂಯೋಜನೆಗಳಿಂದಲೇ ವಿಂಡೋಗಳನ್ನು ಚಲಿಸುವುದು ಮತ್ತು ಗಾತ್ರ ಬದಲಿಸುವುದು.
• ಆಯ್ದ ವಿಂಡೋವನ್ನು ಸದಾ ಇತರ ವಿಂಡೋಗಳ ಮೇಲೆ ಕಾಣುವಂತೆ ಇರಿಸುವುದು.
• ಒಂದೇ ಪರದೆಯಲ್ಲಿ ಹಲವು ವರ್ಚುವಲ್ ಡೆಸ್ಕ್‌ಟಾಪ್‌ಗಳನ್ನು ಕಲ್ಪಿಸುವುದು.
• ಮೌಸ್‌ನ ಸೂಚಕ ಯಾವ ವಿಂಡೋ ಮೇಲಿದೆಯೋ ಆ ವಿಂಡೋವನ್ನು ತಾನಾಗಿಯೇ ಸಕ್ರಿಯಗೊಳಿಸುವುದು.
• ಒಂದಕ್ಕಿಂತ ಹೆಚ್ಚು ಮಾನಿಟರ್‌ಗಳನ್ನು ಬಳಸುವಾಗ ವಿಂಡೋಗಳ ಸ್ಥಾನವನ್ನು ನೆನಪಿಟ್ಟು ಮರಳಿ ಜೋಡಿಸುವುದು.

ಮೌಸ್ ಹಿಡಿದು ಎಳೆಯುವುದು ಕಷ್ಟವಾದವರಿಗೆ ಕೀಲಿಮಣೆಯ ಮೂಲಕ ನಡೆಯುವ ನಿರ್ವಹಣೆಯು ಕೇವಲ ಅನುಕೂಲವಲ್ಲ. ಗಣಕಯಂತ್ರವನ್ನು ಸ್ವತಂತ್ರವಾಗಿ ಬಳಸಲು ಅದು ಅಗತ್ಯವೂ ಆಗಬಹುದು.

ಕಾರ್ಯವಿಧಾನ

ವಿಂಡೋಸ್: ಈ ವ್ಯವಸ್ಥೆಯಲ್ಲಿ ಪ್ರತಿ ವಿಂಡೋಗೂ ಹ್ಯಾಂಡಲ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಸಹಾಯಕ ತಂತ್ರಾಂಶವು ಎನಮ್‌ವಿಂಡೋಸ್ ಎಂಬ ಕರೆಯ ಮೂಲಕ ತೆರೆದಿರುವ ವಿಂಡೋಗಳ ಪಟ್ಟಿಯನ್ನು ಪಡೆದು, ಸೆಟ್‌ವಿಂಡೋಪೊಸ್ ಎಂಬ ಕರೆಯ ಮೂಲಕ ಬೇಕಾದ ವಿಂಡೋದ ಸ್ಥಾನ, ಗಾತ್ರ ಹಾಗೂ ಮೇಲುಕೆಳಗಿನ ಕ್ರಮವನ್ನು ಬದಲಿಸುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಪವರ್‌ಟಾಯ್ಸ್ ಎಂಬ ಉಪಕರಣಗಳ ಗುಚ್ಛವು ವಿಂಡೋಸ್ 95ರ ಕಾಲದಲ್ಲಿ ಮೊದಲು ಬಂದಿತು. 2019ರಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊಸ ರೂಪದಲ್ಲಿ ಆರಂಭವಾಯಿತು. ಅದರ ಫ್ಯಾನ್ಸಿಝೋನ್ಸ್ ಎಂಬ ಭಾಗದಲ್ಲಿ ಬಳಕೆದಾರನು ವಲಯಗಳನ್ನು ತಾನೇ ರೂಪಿಸಬಹುದು. ಶಿಫ್ಟ್ ಕೀಲಿಯನ್ನು ಒತ್ತಿಕೊಂಡು ವಿಂಡೋವನ್ನು ಎಳೆದಾಗ ಆ ವಲಯಗಳು ಪರದೆಯ ಮೇಲೆ ಗೋಚರಿಸುತ್ತವೆ. 2003ರಲ್ಲಿ ಬಿಡುಗಡೆಯಾದ ಆಟೋಹಾಟ್‌ಕೀ ತಂತ್ರಾಂಶವು ಇಂತಹ ಆದೇಶಗಳನ್ನು ಬಳಕೆದಾರನೇ ಬರೆದುಕೊಳ್ಳಲು ಸರಳವಾದ ಲಿಪಿಭಾಷೆಯನ್ನು ಒದಗಿಸುತ್ತದೆ.

ಮ್ಯಾಕ್‌ಓಎಸ್: ಇಲ್ಲಿ ಅನ್ಯ ತಂತ್ರಾಂಶದ ವಿಂಡೋವನ್ನು ಮುಟ್ಟಲು ಸಾಮಾನ್ಯವಾಗಿ ಆಕ್ಸೆಸಿಬಿಲಿಟಿ ಸೌಲಭ್ಯವನ್ನು ಬಳಸಲಾಗುತ್ತದೆ. ಪರದೆಯನ್ನು ಓದಿ ಹೇಳುವಂತಹ, ವಿಕಲಚೇತನರಿಗೆ ನೆರವಾಗುವ ತಂತ್ರಾಂಶಗಳಿಗಾಗಿ ರೂಪಿಸಲಾದ ಸೌಲಭ್ಯವಿದು. ವಿಂಡೋ ಜೋಡಿಸುವ ತಂತ್ರಾಂಶಗಳೂ ಇದೇ ದಾರಿಯನ್ನು ಹಿಡಿದಿವೆ. ಸ್ಪೆಕ್ಟಕಲ್ ಎಂಬ ಹಳೆಯ ತಂತ್ರಾಂಶವನ್ನು ಆಧರಿಸಿ ಸ್ವಿಫ್ಟ್ ಭಾಷೆಯಲ್ಲಿ ಬರೆಯಲಾದ ರೆಕ್ಟ್ಯಾಂಗಲ್ ಇದಕ್ಕೊಂದು ಉದಾಹರಣೆ.

ಲಿನಕ್ಸ್: ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ವಿಂಡೋ ನಿರ್ವಾಹಕವೇ ಒಂದು ಪ್ರತ್ಯೇಕ ತಂತ್ರಾಂಶವಾಗಿರುತ್ತದೆ. ಆದುದರಿಂದ ಬಳಕೆದಾರನು ಸಹಾಯಕ ತಂತ್ರಾಂಶವನ್ನು ಸೇರಿಸಿಕೊಳ್ಳುವುದರ ಜೊತೆಗೆ, ಬೇಕಿದ್ದರೆ ನಿರ್ವಾಹಕವನ್ನೇ ಬದಲಿಸಬಹುದು. ವಿಂಡೋಗಳನ್ನು ತಾನಾಗಿಯೇ ಪಕ್ಕಪಕ್ಕದಲ್ಲಿ ಜೋಡಿಸುವ ಡಿಡಬ್ಲ್ಯುಎಮ್, ಎಕ್ಸ್‌ಮೊನಾಡ್ ಮತ್ತು ಐ3 ಇಂತಹ ನಿರ್ವಾಹಕಗಳಾಗಿವೆ. ನಿರ್ವಾಹಕ ಮತ್ತು ಇತರ ತಂತ್ರಾಂಶಗಳ ನಡುವಿನ ಸಂವಹನಕ್ಕೆ ಇಡಬ್ಲ್ಯುಎಮ್‌ಎಚ್ ಎಂಬ ಸಾಮಾನ್ಯ ನಿಯಮಾವಳಿ ಇದೆ. ಡಬ್ಲ್ಯುಎಮ್‌ಸಿಟಿಆರ್‌ಎಲ್‌ನಂತಹ ಉಪಕರಣಗಳು ಈ ನಿಯಮಾವಳಿಯನ್ನು ಪಾಲಿಸುವ ಯಾವುದೇ ನಿರ್ವಾಹಕದೊಡನೆ ಕೆಲಸ ಮಾಡಬಲ್ಲವು.

ಭದ್ರತೆ ಮತ್ತು ಅನುಮತಿ

ಇತರ ವಿಂಡೋಗಳನ್ನು ಚಲಿಸಬಲ್ಲ ತಂತ್ರಾಂಶಕ್ಕೆ ಅವುಗಳ ಶೀರ್ಷಿಕೆಯನ್ನು ಓದಲು, ಕೆಲವೊಮ್ಮೆ ಅವುಗಳಿಗೆ ಆದೇಶ ಕಳುಹಿಸಲು ಸಹ ಸಾಧ್ಯವಾಗುತ್ತದೆ. ಬಳಕೆದಾರನಿಗೆ ಅನುಕೂಲವಾಗುವ ಈ ಶಕ್ತಿಯು ದುರುದ್ದೇಶದ ತಂತ್ರಾಂಶದ ಕೈಸೇರಿದರೆ ಅಪಾಯಕಾರಿ. ಆದ್ದರಿಂದ ಕಾರ್ಯಾಚರಣಾ ವ್ಯವಸ್ಥೆಗಳು ಕಾಲಕ್ರಮೇಣ ಇದಕ್ಕೆ ಮಿತಿಗಳನ್ನು ವಿಧಿಸಿವೆ.

ವಿಂಡೋಸ್ ವಿಸ್ತಾ ಆವೃತ್ತಿಯಿಂದ, ಕಡಿಮೆ ಅಧಿಕಾರದ ತಂತ್ರಾಂಶವು ಹೆಚ್ಚು ಅಧಿಕಾರದ ತಂತ್ರಾಂಶದ ವಿಂಡೋವನ್ನು ನಿಯಂತ್ರಿಸುವುದಕ್ಕೆ ತಡೆಯಿದೆ. ನಿರ್ವಾಹಕ ಅಧಿಕಾರದಿಂದ ತೆರೆದ ವಿಂಡೋಗಳಿಗೆ ಪವರ್‌ಟಾಯ್ಸ್‌ನ ವಲಯಗಳು ಅನ್ವಯವಾಗಬೇಕಾದರೆ ಅದನ್ನೂ ಅದೇ ಅಧಿಕಾರದಿಂದ ನಡೆಸಬೇಕಾಗುತ್ತದೆ. ಮ್ಯಾಕ್‌ಓಎಸ್‌ನಲ್ಲಿ ಬಳಕೆದಾರನು ಗೌಪ್ಯತೆಯ ಸಂಯೋಜನೆಗಳಿಗೆ ಹೋಗಿ ಪ್ರತಿ ತಂತ್ರಾಂಶಕ್ಕೂ ಆಕ್ಸೆಸಿಬಿಲಿಟಿ ಅನುಮತಿಯನ್ನು ನೀಡಬೇಕು. ಯಾಬಾಯ್ ಎಂಬ ತಂತ್ರಾಂಶದ ಕೆಲವು ಸೌಲಭ್ಯಗಳಿಗೆ ವ್ಯವಸ್ಥೆಯ ಸಮಗ್ರತಾ ರಕ್ಷಣೆಯನ್ನೇ ಭಾಗಶಃ ನಿಷ್ಕ್ರಿಯಗೊಳಿಸಬೇಕಾಗುತ್ತದೆ. ಇಲ್ಲಿ ಅನುಕೂಲಕ್ಕಾಗಿ ಭದ್ರತೆಯನ್ನು ಬಿಟ್ಟುಕೊಟ್ಟಂತಾಗುತ್ತದೆ.

ಲಿನಕ್ಸ್‌ನಲ್ಲಿ ಎಕ್ಸ್ ವ್ಯವಸ್ಥೆಯ ಸ್ಥಾನವನ್ನು ಕ್ರಮೇಣ ಪಡೆಯುತ್ತಿರುವ ವೇಲ್ಯಾಂಡ್ ಇನ್ನೂ ಕಟ್ಟುನಿಟ್ಟಾಗಿದೆ. ಅದರ ಮೂಲ ನಿಯಮಾವಳಿಯ ಪ್ರಕಾರ ಒಂದು ತಂತ್ರಾಂಶಕ್ಕೆ ಪರದೆಯ ಮೇಲೆ ತನ್ನ ವಿಂಡೋ ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಅನ್ಯ ವಿಂಡೋಗಳ ವಿವರವಂತೂ ದೊರೆಯುವುದೇ ಇಲ್ಲ. ಇದರಿಂದ ಹಳೆಯ ಉಪಕರಣಗಳು ಅಲ್ಲಿ ನಿರುಪಯುಕ್ತವಾದವು. ಅವುಗಳ ಕೆಲಸವನ್ನು ಗ್ನೋಮ್‌ನ ವಿಸ್ತರಣೆಗಳು, ಕೆಡಿಇಯ ಕ್ವಿನ್ ಲಿಪಿಗಳು ಹಾಗೂ ಐ3 ಮಾದರಿಯ ಸ್ವೇ ಮುಂತಾದವು ತಂತಮ್ಮ ಪ್ರತ್ಯೇಕ ವಿಧಾನಗಳಿಂದ ಮಾಡುತ್ತವೆ. ಹೀಗಾಗಿ ಒಂದಕ್ಕೆ ಬರೆದ ಉಪಕರಣ ಇನ್ನೊಂದರಲ್ಲಿ ನಡೆಯದಿರಬಹುದು.

ಇತರ ಮಿತಿಗಳು

ಕೆಲವು ತಂತ್ರಾಂಶಗಳು ತಮ್ಮ ವಿಂಡೋಗೆ ಕನಿಷ್ಠ ಗಾತ್ರವನ್ನು ನಿಗದಿಪಡಿಸಿರುತ್ತವೆ. ವಲಯವು ಅದಕ್ಕಿಂತ ಕಿರಿದಾಗಿದ್ದರೆ ವಿಂಡೋ ಪಕ್ಕದ ವಲಯಕ್ಕೆ ಚಾಚಿಕೊಳ್ಳುತ್ತದೆ. ವಿಂಡೋಸ್ 10ರಲ್ಲಿ ವಿಂಡೋಗಳ ಸುತ್ತ ಕಣ್ಣಿಗೆ ಕಾಣದ ಅಂಚು ಇರುವುದರಿಂದ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಉಪಕರಣಗಳು ಜೋಡಿಸಿದ ವಿಂಡೋಗಳ ನಡುವೆ ಸಂದು ಉಳಿಯುತ್ತದೆ. ಸಿಸ್ಇಂಟರ್ನಲ್ಸ್ ಸಮೂಹದ ಡೆಸ್ಕ್‌ಟಾಪ್ಸ್ ಉಪಕರಣವು ನಾಲ್ಕರವರೆಗೆ ಡೆಸ್ಕ್‌ಟಾಪ್‌ಗಳನ್ನು ಕಲ್ಪಿಸುತ್ತದೆ. ಆದರೆ ಅದು ವಿಂಡೋಸ್‌ನ ಒಳಗಿನ ಡೆಸ್ಕ್‌ಟಾಪ್ ಘಟಕಗಳನ್ನೇ ಬಳಸುವುದರಿಂದ, ಒಂದರಲ್ಲಿ ತೆರೆದ ವಿಂಡೋವನ್ನು ಇನ್ನೊಂದಕ್ಕೆ ಸಾಗಿಸಲು ಬರುವುದಿಲ್ಲ.

ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಅಳವಡಿಕೆ

ಸಹಾಯಕ ತಂತ್ರಾಂಶಗಳಲ್ಲಿ ಬಳಕೆಯಲ್ಲಿದ್ದ ಹಲವು ಸೌಲಭ್ಯಗಳು ಮುಂದೆ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿಯೇ ಸೇರಿದವು. 2009ರ ವಿಂಡೋಸ್ 7ರಲ್ಲಿ ವಿಂಡೋವನ್ನು ಪರದೆಯ ಅಂಚಿಗೆ ಎಳೆದು ಅರ್ಧಭಾಗದಲ್ಲಿ ಕೂರಿಸುವ ಸೌಲಭ್ಯ ಬಂದಿತು. ವಿಂಡೋಸ್ ಎಕ್ಸ್‌ಪಿಯ ಪವರ್‌ಟಾಯ್ಸ್‌ನಲ್ಲಿದ್ದ ವರ್ಚುವಲ್ ಡೆಸ್ಕ್‌ಟಾಪ್ ಸೌಲಭ್ಯವು 2015ರ ವಿಂಡೋಸ್ 10ರಲ್ಲಿ ವ್ಯವಸ್ಥೆಯ ಭಾಗವಾಗಿಯೇ ದೊರೆಯಿತು. 2021ರ ವಿಂಡೋಸ್ 11 ಸಿದ್ಧ ವಿನ್ಯಾಸಗಳ ಆಯ್ಕೆಯನ್ನು ನೀಡಿತು. ಆಪಲ್ ಸಂಸ್ಥೆಯು 2007ರ ಲೆಪರ್ಡ್ ಆವೃತ್ತಿಯಲ್ಲಿ ಸ್ಪೇಸಸ್ ಸೌಲಭ್ಯವನ್ನು ತಂದರೂ, ಅಂಚಿಗೆ ಎಳೆದು ಜೋಡಿಸುವ ಸೌಲಭ್ಯವನ್ನು ಮ್ಯಾಕ್‌ಓಎಸ್‌ಗೆ ಸೇರಿಸಿದ್ದು 2024ರ ಸಿಕೋಯಾ ಆವೃತ್ತಿಯಲ್ಲಿ.

ಆದರೂ ಈ ಉಪಕರಣಗಳ ಅಗತ್ಯ ಮುಗಿದಿಲ್ಲ. ವ್ಯವಸ್ಥೆಯೇ ನೀಡುವ ವಿನ್ಯಾಸಗಳು ಬಹುಜನರ ಸಾಮಾನ್ಯ ಅಗತ್ಯಕ್ಕೆ ತಕ್ಕಂತಿರುತ್ತವೆ. ಅಗಲವಾದ ಪರದೆಯನ್ನು ಅಸಮಾನ ಭಾಗಗಳಾಗಿ ಹಂಚಿಕೊಳ್ಳಬೇಕಾದವರು, ಹಲವು ಮಾನಿಟರ್‌ಗಳನ್ನು ಬಳಸುವವರು ಹಾಗೂ ಕೀಲಿಮಣೆಯನ್ನೇ ಅವಲಂಬಿಸಿದವರು ಇಂದಿಗೂ ಸಹಾಯಕ ತಂತ್ರಾಂಶಗಳನ್ನು ಬಳಸುತ್ತಿದ್ದಾರೆ.