ಪರರ ಬರಹಕ್ಕೆ ನಮ್ಮ ಹೆಸರು

ಸಂಘದ ಸ್ಮರಣಸಂಚಿಕೆಗೆ ಲೇಖನ ಬೇಕು. ಹೋಟೆಲಿನ ಹೊಸ ಶಾಖೆಗೆ ಪರಿಚಯಪತ್ರ ಬೇಕು. ಹಗಲೆಲ್ಲ ಗಲ್ಲಾಪೆಟ್ಟಿಗೆಯ ಬಳಿಯೋ ಕಚೇರಿಯ ಮೇಜಿನ ಮುಂದೆಯೋ ದುಡಿದು ದಣಿದ ಬಂಧುವಿನ ಮೇಲೆ ಈ ಹೊಣೆ ಬೀಳುತ್ತದೆ. ಯಾರೋ ಬರೆದುದು ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುತ್ತದೆ. ಅದನ್ನೇ ನಕಲು ಮಾಡಿ ಕೆಳಗೆ ತನ್ನ ಹೆಸರು ಹಾಕಿದರೆ ಕೆಲಸ ಮುಗಿಯಿತೆಂದು ಎನಿಸುವುದು ಸಹಜ. ಆದರೆ ಅದು ಇನ್ನೊಬ್ಬನ ದುಡಿಮೆಯನ್ನು ಕೂಲಿ ಕೊಡದೆ ಪಡೆದಂತೆ. ಕೂಲಿಯ ಬೆಲೆ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು; 1958ರ ಜನವರಿ 21ರಿಂದ ಜಾರಿಗೆ ಬಂದಿತು. ಅದು ವಿಷಯಕ್ಕೆ ಬೇಲಿ ಹಾಕುವುದಿಲ್ಲ, ವಿಷಯವನ್ನು ಹೇಳಿದ ಬಗೆಗೆ ರಕ್ಷಣೆ ಕೊಡುತ್ತದೆ. ದೋಸೆಯ ಹಿಟ್ಟನ್ನು ಹೇಗೆ ಹುದುಗಿಸಬೇಕೆಂಬ ತಿಳಿವಳಿಕೆ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ವಿವರಿಸಿ ಒಬ್ಬಾಕೆ ಬರೆದ ವಾಕ್ಯಗಳು ಮಾತ್ರ ಆಕೆಯವು. ಆ ಹಕ್ಕಿಗೆ ನೋಂದಣಿಯೂ ಬೇಕಿಲ್ಲ. ಲೇಖಕರ ಜೀವಿತಕಾಲವಲ್ಲದೆ ಅವರ ಮರಣಾನಂತರವೂ 60 ವರ್ಷ ಅದು ಉಳಿಯುತ್ತದೆ.

ಈ ಭೇದಕ್ಕೆ ನಮ್ಮ ಕರಾವಳಿಯದೇ ನಿದರ್ಶನವಿದೆ. ಕೋಟದ ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪವಿತ್ತು ಏಳು ಪ್ರಸಂಗಗಳನ್ನು ಸಿದ್ಧಪಡಿಸಿದ್ದರು. 1994ರಲ್ಲಿ ಉಯಿಲು ಬರೆದು 1997ರಲ್ಲಿ ದಿವಂಗತರಾದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಅನುಮತಿಯಿಲ್ಲದೆ ಪ್ರದರ್ಶಿಸಿತೆಂದು, ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ಅಭಿಮನ್ಯುವಿನ ಕಥೆಯೂ ಯಕ್ಷಗಾನವೂ ಎಲ್ಲರವು. ಕಾರಂತರು ಸ್ವಪ್ರತಿಭೆಯಿಂದ ಕೂಡಿಸಿದುದು ಅವರ ವಾರಸಿಗೆ ಸೇರಿದುದು. ಆದರೂ ಕಾಯಿದೆಯೇ ವಿನಾಯಿತಿ ಕೊಟ್ಟ ಪ್ರದರ್ಶನಗಳಿಗೆ ತಡೆಯಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಹವ್ಯಾಸಿ ಸಂಘಗಳು ಪ್ರವೇಶಧನವಿಲ್ಲದೆ ಆಡುವ ನಾಟಕಗಳು ಇಂತಹ ವಿನಾಯಿತಿಯಲ್ಲಿ ಸೇರುತ್ತವೆ.

ಹಾಗಾದರೆ ಬರೆಯುವವರು ಮಾಡಬೇಕಾದುದೇನು? ಎರಡು ಮೂರು ಕಡೆ ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದುದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಪರರ ಒಂದೆರಡು ವಾಕ್ಯ ಬೇಕೇಬೇಕಾದರೆ ಉದ್ಧರಣ ಚಿಹ್ನೆಯೊಳಗಿಟ್ಟು ಹೆಸರು ಹೇಳಬೇಕು. ಇಡೀ ಲೇಖನ ಬೇಕಾದರೆ ಹೆಸರು ಹೇಳಿದುದಷ್ಟೇ ಸಾಲದು, ಒಪ್ಪಿಗೆ ಪಡೆಯಬೇಕು. ತೆಲುಗು, ಉರ್ದುಗಳ ನಡುವೆ ಬಾಳುವ ನಾವು ಇನ್ನೊಂದನ್ನು ನೆನಪಿಡಬೇಕು: ಅನುವಾದದ ಹಕ್ಕೂ ಮೂಲ ಲೇಖಕರದೇ. ನಾಲ್ಕು ಪದ ಬದಲಿಸಿದ ಮಾತ್ರಕ್ಕೆ ನಕಲು ಸ್ವಂತದ್ದಾಗದು. ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆಯೂ 50,000ದಿಂದ 2,00,000 ರೂಪಾಯಿವರೆಗೆ ದಂಡವೂ ಇವೆ.

ದಂಡದ ಭಯಕ್ಕಿಂತ ಮಿಗಿಲಾದುದು ಆತ್ಮಗೌರವ. ಕುಂದಾಪುರದಿಂದಲೋ ರಾಯಚೂರಿನಿಂದಲೋ ಬಂದು ಈ ನಗರದಲ್ಲಿ ಕಂಡುದನ್ನು, ಉಂಡುದನ್ನು, ದುಡಿದುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಭಾಷೆ ಒರಟಾಗಿದ್ದರೂ ಚಿಂತೆಯಿಲ್ಲ. ಅಂತಹ ಬರಹವನ್ನು ಎಲ್ಲಿಂದ ತಂದಿರೆಂದು ಯಾರೂ ಕೇಳಲಾರರು.